ಟ್ರಿಗರ್ ಹಗುರ ಮಾಡಿ ಅಂದಿದ್ದೆ, ಹಿಡಿತವನ್ನೇ ತೆಗೆದು ಕೊಟ್ಟಿದ್ದೀರಿ

ಇಂದ:
ಪಾಯಿಂಟ್ 315 ರೈಫಲ್‌ನ ಪರವಾನಗಿದಾರ,
ಸಪ್ತಾಪುರ, ಧಾರವಾಡ

ಗೆ:
ಮಾಲೀಕರು,
ಬಂದೂಕು ಮಾರಾಟ ಮತ್ತು ದುರಸ್ತಿ ಅಂಗಡಿ,
ಹುಬ್ಬಳ್ಳಿ

ದಿನಾಂಕ: 4 ಅಕ್ಟೋಬರ್ 2025

ವಿಷಯ: ಟ್ರಿಗರ್ ಕೆಲಸ ಕೆಟ್ಟಿರುವುದು, ಹೊಸ ಭಾಗ ಹಾಕಿಕೊಡುವುದು, ಹಣ ವಾಪಸ್ ಕೊಡುವ ಬಗ್ಗೆ

ಮಾನ್ಯರೇ,

ಮೊನ್ನೆ ಖಂಡೇಪೂಜೆಯ (ಆಯುಧ ಪೂಜೆಯ) ದಿನ ಬಂದೂಕು ಹೊರಗೆ ತೆಗೆದೆವು. ಪ್ರತಿ ವರ್ಷದ ಪದ್ಧತಿ. ಒಳಗೆ ಗುಂಡಿಲ್ಲ ಅಂತ ಎರಡು ಸಲ ನೋಡಿದೆ, ಬೆರಳು ಹಾಕಿಯೂ ನೋಡಿದೆ. ಬೋಲ್ಟ್, ಅಂದರೆ ನಳಿಗೆಯ ಹಿಂಬದಿ ಮುಚ್ಚುವ ಸರಿಯುವ ಭಾಗ, ಮುಚ್ಚಿ, ಪೂಜೆಯ ಮಣೆಯ ಪಕ್ಕ ಗೋಡೆಗೆ ಒರಗಿಸಿ ನಿಲ್ಲಿಸಿದೆ. ಹಿಂಬದಿಯ ಕಟ್ಟಿಗೆ ನೆಲಕ್ಕೆ ತಾಗಿದ್ದೇ ತಡ, ಒಳಗಿಂದ 'ಟಕ್' ಅಂತ ಸದ್ದು. ಟ್ರಿಗರ್ ಹತ್ತಿರ ಯಾರ ಕೈಯೂ ಇರಲಿಲ್ಲ. ನಮ್ಮ ತಮ್ಮನ ಎರಡು ಮಕ್ಕಳು ಒಂದು ಮಾರು ದೂರದಲ್ಲಿ ಹೂ ಪೋಣಿಸುತ್ತಾ ಕೂತಿದ್ದವು. ಒಳಗೆ ಒಂದು ಗುಂಡು ಇದ್ದಿದ್ದರೆ ಅದು ಚಾವಣಿಗೆ ಹೋಗುತ್ತಿತ್ತೋ, ಎಲ್ಲಿಗೆ ಹೋಗುತ್ತಿತ್ತೋ ಗೊತ್ತಿಲ್ಲ. ಈ ಪತ್ರ ಬರೆಯುವುದಕ್ಕೆ ಕಾರಣ ಅದು. ಹಣದ ಮಾತು ಆಮೇಲಿನದು.

ನಿಮಗೆ ನೆನಪಿಲ್ಲದಿದ್ದರೆ ಹೇಳುತ್ತೇನೆ. ಇದು ನಮ್ಮ ಅಜ್ಜಾರು ತೆಗೆದುಕೊಂಡಿದ್ದ ಬೇಟೆ ರೈಫಲ್, ಲೀ-ಎನ್‌ಫೀಲ್ಡ್ ಮಾದರಿಯದು. 1972ರಲ್ಲಿ ವನ್ಯಜೀವಿ ಕಾಯ್ದೆ ಬಂದ ಮೇಲೆ ಅಜ್ಜಾರು ಬೇಟೆ ಬಿಟ್ಟರು, ಬಂದೂಕು ಬಿಡಲಿಲ್ಲ. ಅಪ್ಪನ ಕಾಲಕ್ಕೆ ಅದು ಬೀರುವಿನಲ್ಲೇ ಇತ್ತು, ಚುನಾವಣೆ ಬಂದಾಗ ಪೊಲೀಸ್ ಠಾಣೆಗೆ ಹೋಗಿ ಬರುತ್ತಿತ್ತು ಅಷ್ಟೇ. ಪರವಾನಗಿ ನನ್ನ ಹೆಸರಿಗೆ ಆದ ಮೇಲೆ ರೇಂಜ್‌ಗೆ ಒಯ್ದು ಕಾಗದದ ಗುರಿಗೆ ಹೊಡೆಯಲು ಶುರು ಮಾಡಿದೆ.

ತೊಂದರೆ ಇದ್ದದ್ದು ಟ್ರಿಗರ್‌ನಲ್ಲಿ. ಬ್ಯಾಗ್ ತೂಗುವ ಕೊಕ್ಕೆ ತಕ್ಕಡಿ ಹಾಕಿ ಹತ್ತು ಸಲ ಎಳೆದು ನೋಡಿದ್ದೆ. ಸರಾಸರಿ 3 ಕೆಜಿ 400 ಗ್ರಾಂ ಬಂದಿತ್ತು. ನಾಲ್ಕು ಕೆಜಿ ಆಸುಪಾಸಿನ ಬಂದೂಕನ್ನು ಅಲ್ಲಾಡದ ಹಾಗೆ ಹಿಡಿದುಕೊಂಡು, ಒಂದೇ ಬೆರಳಿನಲ್ಲಿ ಅಷ್ಟು ಭಾರ ಎಳೆಯಬೇಕು. ಎಳೆಯುವಾಗ ಮೂತಿ ಬಲಕ್ಕೆ ಸರಿಯುತ್ತಿತ್ತು. ಸೈನ್ಯಕ್ಕೆ ಮಾಡಿದ ಮಾದರಿ, ಅದರ ಟ್ರಿಗರ್ ಗಟ್ಟಿ ಇರುವುದು ತಪ್ಪೇನಲ್ಲ. ಓಡುತ್ತಾ, ಬೀಳುತ್ತಾ ಇರುವವನ ಕೈಯಲ್ಲಿ ಅದು ಹಾಗೇ ಇರಬೇಕು. ಆದರೆ ಗುರಿ ಅಭ್ಯಾಸಕ್ಕೆ ಸ್ವಲ್ಪ ಹಗುರ ಬೇಕಿತ್ತು.

ಅದಕ್ಕೇ ಜುಲೈ 8ರಂದು ನಿಮ್ಮಲ್ಲಿಗೆ ತಂದೆ. ಮಾತು ಸ್ಪಷ್ಟ ಇತ್ತು: 2 ಕೆಜಿಗಿಂತ ಕೆಳಗೆ ಇಳಿಸಬೇಡಿ, ಎರಡು ಹಂತದ ಎಳೆತ (ಮೊದಲು ಸಡಿಲ, ಆಮೇಲೆ ಬಿಗಿ) ಹಾಗೇ ಇರಲಿ. 300 ಮೀಟರ್ ಸ್ಟ್ಯಾಂಡರ್ಡ್ ರೈಫಲ್ ಸ್ಪರ್ಧೆಯಲ್ಲೇ ಅಂತಾರಾಷ್ಟ್ರೀಯ ನಿಯಮ ಕನಿಷ್ಠ 1,500 ಗ್ರಾಂ ಇರಬೇಕು ಅನ್ನುತ್ತದೆ, ನನಗೆ ಅದಕ್ಕಿಂತ ಹಗುರ ಯಾಕೆ ಬೇಕು ಅಂತಲೂ ಹೇಳಿದ್ದೆ. ನಿಮ್ಮ ಮಿಸ್ತ್ರಿ, "ಚಿಂತಿ ಬಿಡ್ರಿ ಸಾಹೇಬ್ರ, ಬೆಣ್ಣಿ ಹಂಗ ಮಾಡಿ ಕೊಡ್ತೀನಿ" ಅಂದರು. ಬೆಣ್ಣೆ ನಾನು ಕೇಳಿರಲಿಲ್ಲ. ಆಗಲೇ ಅನುಮಾನ ಬರಬೇಕಿತ್ತು.

ಹದಿನೈದು ದಿನ ಅಂದಿರಿ, 73 ದಿನ ಹಿಡಿಯಿತು. ಮಧ್ಯೆ ಆರು ಸಲ ಧಾರವಾಡದಿಂದ ಚಿಗರಿ (ಅಂದರೆ ಜಿಂಕೆ) ಹೆಸರಿನ ಬಸ್ ಹತ್ತಿ ಬಂದು ಕೇಳಿ ಹೋಗಿದ್ದೇನೆ. ಬೇಟೆ ಬಂದೂಕಿನ ಸಲುವಾಗಿ ಚಿಗರಿ ಹತ್ತಿದ್ದು ಕಂಡಿದ್ದರೆ ಅಜ್ಜಾರು ಹೊಟ್ಟೆ ಹಿಡಿದು ನಗುತ್ತಿದ್ದರು. ತಡ ಆಗಿದ್ದಕ್ಕೆ ನನ್ನ ತಕರಾರಿಲ್ಲ. ಕೆಲಸ ಸರಿ ಆಗಿದ್ದರೆ ದೀಪಾವಳಿವರೆಗೂ ಕಾಯುತ್ತಿದ್ದೆ.

ಸೆಪ್ಟೆಂಬರ್ 19ಕ್ಕೆ ಕೈಗೆ ಬಂತು. 4,800 ರೂಪಾಯಿ ಕೊಟ್ಟೆ. ಬಿಲ್ಲಿನಲ್ಲಿ 'ಟ್ರಿಗರ್ ರಿಪೇರಿ' ಅಂತ ಎರಡೇ ಪದ. ಏನು ತೆಗೆದಿರಿ, ಏನು ಹಾಕಿದಿರಿ ಅನ್ನುವುದು ಒಂದಕ್ಷರ ಇಲ್ಲ. ಕೊಡುವ ಮುಂಚೆ ನನ್ನೆದುರು ಒಂದು ಸಲವೂ ತೂಗಿ ತೋರಿಸಲಿಲ್ಲ. ಮನೆಗೆ ಬಂದು ಒಂದೆರಡು ಸಲ ಎಳೆದೆ, ಹಗುರ ಅನ್ನಿಸಿತು, ಖುಷಿಯಲ್ಲಿ ಎತ್ತಿಟ್ಟೆ. ಅದು ನನ್ನ ತಪ್ಪು, ಒಪ್ಪುತ್ತೇನೆ.

ಪೂಜೆಯ ಮಾರನೇ ದಿನ ಕೂತು ಸರಿಯಾಗಿ ನೋಡಿದೆ. ಖಾಲಿ ಬಂದೂಕಿನಲ್ಲಿ ಹತ್ತು ಸಲ ಎಳೆದರೆ ಒಂದು ಸಲ 900 ಗ್ರಾಂ, ಇನ್ನೊಂದು ಸಲ 2 ಕೆಜಿ 600 ಗ್ರಾಂ. ಒಂದರಂತೆ ಇನ್ನೊಂದಿಲ್ಲ. ಮೊದಲ ಹಂತ ಎಲ್ಲಿ ಮುಗಿಯುತ್ತದೆ, ಎರಡನೆಯದು ಎಲ್ಲಿ ಶುರು ಅನ್ನುವುದೇ ಬೆರಳಿಗೆ ತಿಳಿಯುವುದಿಲ್ಲ. ಬೋಲ್ಟ್ ಮುಚ್ಚಿ ಹಿಂಬದಿಯ ಕಟ್ಟಿಗೆಯನ್ನು ಅಂಗೈಯಿಂದ ತಟ್ಟಿದರೆ ಹತ್ತರಲ್ಲಿ ನಾಲ್ಕು ಸಲ ತಾನೇ ಬಿಡುತ್ತದೆ. ಬೋಲ್ಟ್ ಸ್ವಲ್ಪ ಜೋರಾಗಿ ತಳ್ಳಿದರೆ ಎರಡು ಸಲ ಸಿಯರ್, ಅಂದರೆ ಟ್ರಿಗರ್ ಎಳೆಯುವವರೆಗೆ ಫೈರಿಂಗ್ ಪಿನ್ನನ್ನು (ಗುಂಡಿನ ಹಿಂಬದಿಗೆ ಹೊಡೆಯುವ ಮೊಳೆಯನ್ನು) ಹಿಂದೆ ಹಿಡಿದಿಡುವ ಕೊಂಡಿ, ಹಿಡಿಯಲೇ ಇಲ್ಲ. ಭೂತಗನ್ನಡಿ ಹಿಡಿದು ನೋಡಿದರೆ ಸಿಯರ್‌ನ ಅಂಚು ಇಳಿಜಾರಾಗಿದೆ, ಕಾನಸು (ಅರ) ಉಜ್ಜಿದ ಗೀರು ಎದ್ದು ಕಾಣುತ್ತದೆ.

ನಿಮಗೆ ಕಲಿಸುವಷ್ಟು ನಾನು ದೊಡ್ಡವನಲ್ಲ. ಆದರೂ ಹೇಳಲೇಬೇಕು. ಸಿಯರ್‌ಗೆ ಮೇಲ್ಗಡೆ ಮಾತ್ರ ತೆಳ್ಳಗಿನ ಗಟ್ಟಿ ಪದರ ಇರುತ್ತದೆ, ಒಳಗಿನ ಕಬ್ಬಿಣ ಮೆತ್ತಗೆ. ಎಣ್ಣೆಗಲ್ಲಿನಲ್ಲಿ ಕೋನ ಬದಲಾಗದ ಹಾಗೆ ನಯ ಮಾಡುವುದು ಬೇರೆ, ಕಾನಸಿನಲ್ಲಿ ತಿನ್ನಿಸುವುದು ಬೇರೆ. ಆ ಪದರ ಹೋಯಿತು ಅಂದರೆ ಇವತ್ತು ಹಿಡಿದದ್ದು ನಾಳೆ ಸವೆಯುತ್ತದೆ. ಕುಡಗೋಲಿನ ಬಾಯಿಗೆ ಹೆಂಗೆ ಬೇಕೋ ಹಂಗೆ ಕಾನಸು ಹಾಕಿದರೆ ನಮ್ಮೂರ ಕಂಬಾರ ಬೈಯುತ್ತಾನೆ. ಇದು ಬಂದೂಕು ಅಲ್ವಾ?

ಇನ್ನೊಂದು ಮಾತು. ಈ ಮಾದರಿಯಲ್ಲಿ ಟ್ರಿಗರ್ ಕೂತಿರುವುದು ಅದರ ಸುತ್ತ ಇರುವ ಕೆಳಗಿನ ಗಾರ್ಡ್‌ನಲ್ಲಿ, ಸಿಯರ್ ಇರುವುದು ಮೇಲೆ ಬಾಡಿಯಲ್ಲಿ. ಎರಡರ ನಡುವೆ ಕಟ್ಟಿಗೆ. ಮಳೆಗಾಲಕ್ಕೆ ಕಟ್ಟಿಗೆ ಉಬ್ಬಿದರೂ, ಹಳೇ ಗ್ರೀಸ್ ಒಣಗಿ ಅಂಟಿದರೂ ಎಳೆತ ಬದಲಾಗುತ್ತದೆ. ನಾನು ಬಂದೂಕು ತಂದದ್ದು ಧಾರವಾಡದ ಜಡಿಮಳೆಯಲ್ಲಿ. ನಿಮ್ಮವರು ಮೊದಲು ಬಿಚ್ಚಿ, ತೊಳೆದು, ಕಟ್ಟಿಗೆಯ ಕೂರಿಕೆ ನೋಡಿದ್ದರೆ ಅರ್ಧ ಭಾರ ಅಲ್ಲೇ ಇಳಿಯುತ್ತಿತ್ತೋ ಏನೋ. ಅದನ್ನು ನೋಡಿದ ಗುರುತೇ ಇಲ್ಲ, ಹಳೇ ಗ್ರೀಸ್ ಇನ್ನೂ ಮೂಲೆಯಲ್ಲಿ ಕಪ್ಪಗೆ ಕೂತಿದೆ. ಫೈರಿಂಗ್ ಪಿನ್ನಿನ ಸ್ಪ್ರಿಂಗ್ ಕೂಡ ಮೊದಲಿಗಿಂತ ಗಿಡ್ಡ ಕಾಣುತ್ತದೆ. ಕತ್ತರಿಸಿದ್ದೀರಾ? ಹೌದಾದರೆ ಹೇಳಿಬಿಡಿ. ಪಿನ್ನಿನ ಪೆಟ್ಟು ಸಾಲದೆ ಗುಂಡು ಹಾರದಿದ್ದರೆ, ಅಥವಾ ತಡವಾಗಿ ಹಾರಿದರೆ ಅದು ಬೇರೆಯೇ ಅಪಾಯ.

ನಿನ್ನೆ ಫೋನ್ ಮಾಡಿದಾಗ, "ಬೋಲ್ಟ್ ಸ್ವಲ್ಪ ನಿಧಾನಕ ಹಾಕ್ರಿ, ಏನೂ ಆಗೂದಿಲ್ಲ" ಅನ್ನುವ ಉತ್ತರ ಸಿಕ್ಕಿತು. ಈ ಉತ್ತರಕ್ಕೇ ನನಗೆ ಜಾಸ್ತಿ ಸಿಟ್ಟು ಬಂದದ್ದು. 1959ರ ಶಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಇದ್ದವರು ಮಾತ್ರ ಬಂದೂಕು ರಿಪೇರಿ ಮಾಡಬೇಕು. ನಾನು ಇದನ್ನು ಗೋಕುಲ ರಸ್ತೆಯ ಯಾವುದೋ ಲೇತ್ ಅಂಗಡಿಗೆ ಕೊಡುವಂತಿಲ್ಲ, ಮನೆಯಲ್ಲಿ ಬಿಚ್ಚಿ ನಾನೇ ಸರಿ ಮಾಡುವಂತೆಯೂ ಇಲ್ಲ. ಆ ಲೈಸೆನ್ಸ್ ನಂಬಿಯೇ ನಿಮ್ಮಲ್ಲಿಗೆ ಬಂದದ್ದು.

ಈಗ ನನಗೆ ಬೇಕಾದದ್ದು ಇಷ್ಟು. ಸಿಯರ್ ಮತ್ತು ಫೈರಿಂಗ್ ಪಿನ್ನಿನ ಸ್ಪ್ರಿಂಗ್ ಹೊಸದು, ಈ ಮಾದರಿಗೆ ಸರಿಯಾದದ್ದು, ನಿಮ್ಮ ಖರ್ಚಿನಲ್ಲಿ ಹಾಕಬೇಕು. ಉಜ್ಜಿದ ಹಳೇ ಸಿಯರ್ ನನಗೇ ವಾಪಸ್ ಬೇಕು. ಎಳೆತ ಮೊದಲಿನ ಹಾಗೆ 3 ಕೆಜಿ ಮೇಲೆ ಇದ್ದರೂ ನನಗೆ ನಡೆಯುತ್ತದೆ, ಇನ್ನು ಹಗುರ ಮಾಡುವ ಆಸೆ ಸದ್ಯಕ್ಕೆ ಇಲ್ಲ. ಕೊಡುವಾಗ ನನ್ನೆದುರು ತೂಗಿ, ತಟ್ಟಿ ತೋರಿಸಿ, ಏನೇನು ಮಾಡಿದಿರಿ ಅಂತ ಬರೆದು ಸಹಿ ಹಾಕಿ ಕೊಡಬೇಕು. ಜೊತೆಗೆ ನನ್ನ 4,800 ರೂಪಾಯಿ ವಾಪಸ್.

ಈ ಪತ್ರ ಸಿಕ್ಕ ಹದಿನೈದು ದಿನದಲ್ಲಿ ಉತ್ತರ ಬರೆಯಿರಿ. ಬರದಿದ್ದರೆ ಗ್ರಾಹಕರ 1915 ಸಹಾಯವಾಣಿಗೆ ದೂರು ಕೊಡುತ್ತೇನೆ, ಆಮೇಲೆ ಧಾರವಾಡದ ಜಿಲ್ಲಾ ಗ್ರಾಹಕ ಆಯೋಗ. ಐದು ಲಕ್ಷದ ಒಳಗಿನ ದೂರಿಗೆ ಅಲ್ಲಿ ಶುಲ್ಕವೂ ಇಲ್ಲ. ತಟ್ಟಿದರೆ ಬಿಡುವ ವಿಡಿಯೋ ಮಾಡಿ ಇಟ್ಟಿದ್ದೇನೆ, ಬಿಲ್ಲೂ ಇದೆ. ನಿಮ್ಮ ಲೈಸೆನ್ಸ್ ಕೊಟ್ಟ ಕಚೇರಿಗೂ ಒಂದು ಪ್ರತಿ ಕಳಿಸಬೇಕಾಗುತ್ತದೆ. ಅಲ್ಲಿಯವರೆಗೆ ಒಯ್ಯುವ ಮನಸ್ಸು ನನಗಿಲ್ಲ, ಇಷ್ಟು ವರ್ಷದ ಪರಿಚಯ ನಮ್ಮದು.

ಬೋಲ್ಟ್ ತೆಗೆದು ಬೇರೆ ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದೇನೆ. ಭಾಗ ನಿಮ್ಮ ಕೈಗೆ ಬಂದ ಮೇಲೆ ಫೋನ್ ಮಾಡಿ, ಆಗ ತರುತ್ತೇನೆ. ಈ ಸಲ ಮಿಸ್ತ್ರಿ ಕೆಲಸ ಮಾಡುವಾಗ ನಾನು ಎದುರಿಗೇ ಕೂತಿರುತ್ತೇನೆ.

ಇಂತಿ ನಿಮ್ಮ ಗ್ರಾಹಕ
(ಸಹಿ)

ಲಗತ್ತು: ಬಿಲ್ಲಿನ ಪ್ರತಿ, ಪರವಾನಗಿಯ ಪ್ರತಿ, ಸಿಯರ್‌ನ ಮೂರು ಫೋಟೋ