ಥಾಣೆ ಮನೆ ಬಿಡುವ ಮುಂಚೆ: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ಥಾಣೆ ಮನೆ ಬಿಟ್ಟು ಮುಂಬೈಯೊಳಗೆ, ಆಫೀಸಿನ ಹತ್ತಿರ ಎಲ್ಲಾದರೂ ಹೋಗುತ್ತೇನೆ ಅಂದೆಯಲ್ಲ, ಆವತ್ತಿನಿಂದ ನನಗೆ ಅದೇ ಯೋಚನೆ. ಬಾಡಿಗೆ ಕಟ್ಟುವವಳು ನೀನು, ಲೋಕಲ್‌ಗೆ ನುಗ್ಗುವವಳೂ ನೀನೇ, ಹಾಗಾಗಿ ತೀರ್ಮಾನ ನಿನ್ನದೇ. ಆದರೆ ಅಮ್ಮನನ್ನು ಕೇಳಿದರೆ, ಸದ್ಯಕ್ಕೆ ಬಿಡಬೇಡ.

ಓಡಾಟದ ಕಷ್ಟ ಗೊತ್ತಿಲ್ಲದೆ ಹೇಳುತ್ತಿಲ್ಲ. ನಿನ್ನ ಜೊತೆ ಲೇಡೀಸ್ ಡಬ್ಬಿಯಲ್ಲಿ ಬಂದಿದ್ದೆನಲ್ಲ. ಕೂತವರನ್ನೆಲ್ಲ 'ಎಲ್ಲಿ ಇಳೀತೀರಿ' ಅಂತ ಕೇಳಿ ಸೀಟು ಹಿಡಿದಿಟ್ಟುಕೊಳ್ಳುವುದು, ಮೂವರ ಸೀಟಿನಲ್ಲಿ ನಾಲ್ಕನೆಯವಳಾಗಿ ಅರ್ಧ ಕೂರುವುದು, ಕುರ್ಲಾದಲ್ಲಿ ಇಳಿದ ಮೇಲೆ ನಿನ್ನ ಆಫೀಸಿರುವ ಬಿಕೆಸಿಗೆ (ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್‌ಗೆ) ಮತ್ತೆ ಶೇರ್ ಆಟೋ. ಸಂಜೆ ಇದೇ ಇನ್ನೊಂದು ಸಲ. ಮಳೆಗಾಲದಲ್ಲಿ ಕುರ್ಲಾ, ಸಾಯನ್ ಕಡೆ ಹಳಿ ಮೇಲೆ ನೀರು ಬಂದರೆ ನೀನು ಎಲ್ಲಿ ಸಿಕ್ಕಿಕೊಂಡೆಯೋ ಅಂತ ನಾನು ಇಲ್ಲಿ ಉಡುಪಿಯಲ್ಲಿ ಫೋನ್ ಹಿಡಿದು ಕೂರುತ್ತೇನೆ. ಆ ಒಂದು ಭಯಕ್ಕೆ ಮುಂಬೈಯೊಳಗಿನ ಮನೆಯೇ ಮೇಲು, ಒಪ್ಪುತ್ತೇನೆ. ಆದರೆ ದಿನಾ ನೀನು ಹತ್ತುವುದು ಕಲ್ಯಾಣ ಕಡೆಯಿಂದ ಬರುವ ಫಾಸ್ಟ್ ಗಾಡಿ. ಅದು ಥಾಣೆಗೆ ಬರುವಾಗಲೇ ತುಂಬಿರುತ್ತದೆ. ಥಾಣೆಯಿಂದಲೇ ಹೊರಡುವ ಸ್ಲೋ ಗಾಡಿಗಳಿವೆ. ಹತ್ತು ಹದಿನೈದು ನಿಮಿಷ ಜಾಸ್ತಿ ಹಿಡಿಯಬಹುದು, ಆದರೆ ಕೂತು ಹೋಗಬಹುದಲ್ವಾ? ಒಂದು ತಿಂಗಳು ಹಾಗೆ ಹೋಗಿ ನೋಡು.

ನನಗೆ ಬೇಜಾರಾಗುವ ವಿಷಯ ಬೇರೆ. ನೀನು ಥಾಣೆಯಲ್ಲಿ ಮಲಗುತ್ತೀಯ, ಇರುವುದಿಲ್ಲ. ನೀನು ಆಫೀಸಿಗೆ ಹೋದ ಮೇಲೆ ಆ ಊರನ್ನು ಸುತ್ತಿದವಳು ನಾನು. 30ಕ್ಕೂ ಹೆಚ್ಚು ಕೆರೆಗಳು ಇನ್ನೂ ಉಳಿದಿರುವ ಊರು ಅದು. ಸುತ್ತ ಇಷ್ಟೊಂದು ಕಟ್ಟಡ ಎದ್ದ ಮೇಲೂ ಉಳಿದಿವೆ. ಸ್ಟೇಷನ್ನಿನಿಂದ ನಡೆದುಕೊಂಡೇ ಹೋಗುವಷ್ಟು ಹತ್ತಿರ ಮಾಸುಂದಾ ಕೆರೆ, ಅಲ್ಲಿಯವರು ತಲಾವ್ ಪಾಳಿ ಅನ್ನುತ್ತಾರೆ. ಸಂಜೆ ಹೋದರೆ ವಯಸ್ಸಾದವರೆಲ್ಲ ಕಟ್ಟೆ ಮೇಲೆ ಕೂತಿರುತ್ತಾರೆ, ಮಕ್ಕಳು ದೋಣಿಗೆ ಹಠ ಮಾಡುತ್ತಿರುತ್ತವೆ. ದಡದಲ್ಲೇ ಕೋಪಿನೇಶ್ವರ ದೇವಸ್ಥಾನ. ಎಷ್ಟು ದೊಡ್ಡ ಲಿಂಗ ಅದು! ನಾನು ಅಲ್ಲಿ ಸುಮ್ನೆ ತುಂಬಾ ಹೊತ್ತು ಕೂತಿದ್ದೆ. ಎದುರಿಗೇ ಗಡಕರಿ ರಂಗಾಯತನ, ಮರಾಠಿ ನಾಟಕಕ್ಕೆ ಹೆಸರಾದ ರಂಗಮಂದಿರ. ಕಾಲೇಜಿನಲ್ಲಿ ನಾಟಕ ಅಂದರೆ ಊಟ ಬಿಡುತ್ತಿದ್ದವಳು ನೀನು, ಅದರೊಳಗೆ ಒಂದು ಸಲವಾದರೂ ಹೋಗಿದ್ದೀಯಾ?

ಉಪವನ ಕೆರೆಗೂ ಹೋಗು. ಕೆರೆಯ ಹಿಂದೆಯೇ ಯೇವೂರ್ ಗುಡ್ಡ, ಅಲ್ಲಿಂದ ಆಚೆಗೆ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಕಾಡು, ಚಿರತೆ ಓಡಾಡುವ ಕಾಡು. ಭಾನುವಾರ ಬೆಳಗ್ಗೆ ಹೋದರೆ ಸಾಕು, ಕತ್ತಲಾದ ಮೇಲೆ ಆ ಕಡೆ ಬೇಡ.

ಥಾಣೆ ಮುಂಬೈಯ ಬಾಲ ಅಂತ ನಿನ್ನ ಆಫೀಸಿನವರು ಹೇಳುತ್ತಾರೆ ಅಂದಿದ್ದೆ. ಆ ಮಾತು ನನಗೆ ಸಿಟ್ಟು ಬರಿಸಿತು. ಮುಂಬೈ ಇನ್ನೂ ಮೀನುಗಾರರ ದ್ವೀಪಗಳಾಗಿದ್ದ ಕಾಲದಲ್ಲಿ ಥಾಣೆ ಶಿಲಾಹಾರರ ರಾಜಧಾನಿಯಾಗಿತ್ತು. ಮೊದಮೊದಲು ಅವರು ರಾಷ್ಟ್ರಕೂಟರ ಸಾಮಂತರು, ಅಂದರೆ ನಮ್ಮ ಮಳಖೇಡದ ಅರಸರ ಕೈಕೆಳಗಿನವರು. ಕನ್ನಡದವಳಾದ ನಿನಗೆ ಅದು ತೀರಾ ಪರಊರೇನಲ್ಲ. ಶಿಲಾಹಾರರ ಕಾಲದಲ್ಲಿ, 1060ರಲ್ಲಿ ಕಟ್ಟಿದ ಶಿವನ ಗುಡಿ ಅಂಬರನಾಥದಲ್ಲಿದೆ, ಲೋಕಲ್‌ನಲ್ಲೇ ಹೋಗಿ ಬರಬಹುದು. ನಮ್ಮ ದೇಶದ ಮೊದಲ ಪ್ರಯಾಣಿಕರ ರೈಲು 1853ರ ಏಪ್ರಿಲ್ 16ರಂದು ಮುಂಬೈಯ ಬೋರಿ ಬಂದರಿನಿಂದ ಹೊರಟು ಬಂದು ನಿಂತದ್ದೂ ಥಾಣೆಯಲ್ಲೇ. 34 ಕಿಲೋಮೀಟರ್, 14 ಡಬ್ಬಿ, ಸುಮಾರು 400 ಜನ, ಎಳೆಯಲು 3 ಎಂಜಿನ್. ನೀನು ದಿನಾ ಬೈಯುವ ದಾರಿ ಅದೇ, ಪುಟ್ಟಿ.

ಕೊರತೆ ಇಲ್ಲ ಅಂತಲ್ಲ. ಘೋಡ್‌ಬಂದರ್ ರಸ್ತೆಯ ಟ್ರಾಫಿಕ್ ಸಾಕುಸಾಕು. ಕೆಲವು ಕೆರೆಗಳ ಸುತ್ತ ಕಾಂಕ್ರೀಟು ಹಾಕಿ ಬಿಗಿದುಬಿಟ್ಟಿದ್ದಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ಗಣೇಶನನ್ನು ಬಿಡಲು ಬೇರೆ ಕೃತಕ ಕೊಳ ಮಾಡಿಕೊಡುತ್ತಾರಲ್ಲ, ಅದು ಒಳ್ಳೆ ಕೆಲಸ. ಮುಂದಿನ ಚೌತಿಗೆ ನೀನೂ ಅಲ್ಲಿಗೇ ಒಯ್ಯಬೇಕು.

ನಾವು ಫೆಬ್ರವರಿಯಲ್ಲಿ ಬರುತ್ತೇವೆ. ಮತ್ಸ್ಯಗಂಧಾ ರೈಲು ಥಾಣೆಯಲ್ಲೇ ನಿಲ್ಲುವುದರಿಂದ ಅಪ್ಪನ ಮಂಡಿನೋವಿಗೆ ಅದೇ ಅನುಕೂಲ, ಮುಂಬೈಯೊಳಗಾದರೆ ಸಾಮಾನು ಹೊತ್ತು ಮತ್ತೊಂದು ಗಾಡಿ ಬದಲಿಸಬೇಕಾಗಬಹುದು. (ಇದೂ ನನ್ನ ಒಂದು ಕಾರಣವೇ, ಮುಚ್ಚಿಡುವುದಿಲ್ಲ.) ಆಗ ಥಾಣೆ ಖಾರಿಯಲ್ಲಿ, ಅಂದರೆ ಸಮುದ್ರದ ನೀರು ಒಳಗೆ ಬರುವ ಹಿನ್ನೀರಿನಲ್ಲಿ, ಫ್ಲೆಮಿಂಗೊ ಹಕ್ಕಿಗಳು ಇರುತ್ತವೆ. 2022ರಲ್ಲಿ ಆ ಖಾರಿಗೆ ರಾಮ್ಸಾರ್ ಮಾನ್ಯತೆ, ಅಂದರೆ ಜಗತ್ತಿನ ಮುಖ್ಯ ಜೌಗುಪ್ರದೇಶ ಅನ್ನುವ ಮಾನ್ಯತೆ, ಸಿಕ್ಕಿದೆ. ಐರೋಲಿಯಿಂದ ದೋಣಿಯಲ್ಲಿ ಕರೆದುಕೊಂಡು ಹೋಗುತ್ತಾರೆ, ಆದರೆ ಹೊರಡುವ ಹೊತ್ತು ಭರತ ಇಳಿತ ನೋಡಿಕೊಂಡು ಬದಲಾಗುತ್ತದೆ. ಯಾವ ದಿನ ಎಷ್ಟು ಗಂಟೆಗೆ ಅಂತ ವಿಚಾರಿಸಿ ಒಂದು ದಿನ ರಜೆ ಹಾಕು. ಅಪ್ಪನಿಗೂ ನಿನ್ನ ಜೊತೆಗೇ ನೋಡಬೇಕಂತೆ.

ನಿನ್ನ 11 ತಿಂಗಳ ಕರಾರು ಯಾವಾಗ ಮುಗಿಯುತ್ತದೆ, ಬಿಡುವುದಾದರೆ ಎಷ್ಟು ದಿನ ಮೊದಲು ಹೇಳಬೇಕು, ಅದನ್ನು ಕಾಗದದಲ್ಲಿ ನೋಡಿ ನನಗೆ ತಿಳಿಸು. ಅಲ್ಲಿಯ ತನಕ ಯಾರಿಗೂ ಅಡ್ವಾನ್ಸ್ ಕೊಡಬೇಡ.

ನಿನ್ನ
ಅಮ್ಮ