ನನ್ನ ಆದಾಯದ ಜಾಗದಲ್ಲಿ ನೀವು ಹಾಕಿದ ಸೊನ್ನೆ

ಗೆ,
ಮುಖ್ಯಸ್ಥರು, ದೂರು ವಿಭಾಗ,
ಕ್ರೆಡಿಟ್ ಕಾರ್ಡ್ ಶಾಖೆ

ವಿಷಯ: ಅರ್ಜಿಯಲ್ಲಿ ನಾನು ತುಂಬಿದ ಆದಾಯವನ್ನು ನನ್ನ ಒಪ್ಪಿಗೆ ಇಲ್ಲದೆ ಅಳಿಸಿದ ಬಗ್ಗೆ

ಮಾನ್ಯರೇ,

ಈ ವಿಷಯಕ್ಕೆ ನಿಮಗೆ ಮೂರು ಸಲ ಫೋನ್ ಮಾಡಿದ್ದೇನೆ. ಮೂರು ಸಲವೂ ಸಮಾಧಾನವಾಗಿಯೇ ಮಾತಾಡಿದ್ದೇನೆ. ‘ನೋಡ್ತೇವೆ ಮೇಡಂ’ ಅಂದಿರಿ. ನಿನ್ನೆ ನಿಮ್ಮ ಪತ್ರ ಬಂತು. ಅರ್ಜಿ ತಿರಸ್ಕಾರ, ಕಾರಣ ಆದಾಯ ಸಾಲದು. ಇನ್ನು ಫೋನ್ ಮಾಡುವುದಿಲ್ಲ, ಎಲ್ಲವೂ ಬರವಣಿಗೆಯಲ್ಲೇ ಇರಲಿ.

ನಿಮ್ಮ ಫಾರಂನಲ್ಲಿ ‘ವಾರ್ಷಿಕ ಒಟ್ಟು ಆದಾಯ’ ಅಂತ ಒಂದು ಜಾಗ ಇದೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ನೀವೇ ಬರೆದಿದ್ದೀರಿ: ನಿಮಗೆ 21 ವರ್ಷ ತುಂಬಿದ್ದರೆ, ನಿಮ್ಮ ಕೈಗೆ ಸಿಗುತ್ತದೆ ಅಂತ ನಂಬಬಹುದಾದ ಬೇರೆಯವರ ಆದಾಯವನ್ನೂ ಸೇರಿಸಬಹುದು. ನನಗೆ 41. ನನ್ನ ಗಂಡನ ಸಂಬಳ 94,000 ಡಾಲರ್. ಅದನ್ನೇ ಬರೆದೆ. ಕೆಲಸದ ಜಾಗದಲ್ಲಿ ಗೃಹಿಣಿ ಅಂತ ಬರೆದೆ. ಏನನ್ನೂ ಮುಚ್ಚಿಡಲಿಲ್ಲ. ನಮ್ಮ ಜೊತೆಯಲ್ಲೇ ನನ್ನ ಮೈದುನನೂ ಇದ್ದಾನೆ, ಅವನೂ ದುಡಿಯುತ್ತಾನೆ. ಅವನ ಸಂಬಳ ಅವನ ಖಾತೆಗೆ ಹೋಗುತ್ತದೆ, ನಾನು ಮುಟ್ಟುವುದಿಲ್ಲ. ಹಾಗಾಗಿ ಒಂದು ಡಾಲರ್ ಕೂಡ ಸೇರಿಸಲಿಲ್ಲ. ಮನೆಯವರೆಲ್ಲರ ಆದಾಯ ಬೇರೆ, ನನ್ನ ಕೈಗೆ ಸಿಗುವ ಆದಾಯ ಬೇರೆ. ಈ ವ್ಯತ್ಯಾಸ ನನಗೆ ಗೊತ್ತಿತ್ತು. ನಿಮ್ಮ ಸಿಬ್ಬಂದಿಗೆ ಗೊತ್ತಿರಲಿಲ್ಲ.

ಅರ್ಜಿ ಹಾಕಿ ನಾಲ್ಕನೇ ದಿನ, ಸಂಜೆ ಆರಕ್ಕೆ, ನಿಮ್ಮ ಕಡೆಯಿಂದ ಕರೆ ಬಂತು. ನಾನು ಅಡುಗೆಮನೆಯಲ್ಲಿದ್ದೆ. ಕೈ ಒದ್ದೆ ಇತ್ತು, ಸ್ಪೀಕರ್‌ಗೆ ಹಾಕಿದೆ. ಮಗಳು ಅಲ್ಲೇ ಮೇಜಿನ ಮೇಲೆ ಲೆಕ್ಕ ಮಾಡುತ್ತಿದ್ದಳು.

‘ಎಲ್ಲಿ ಕೆಲಸ ಮಾಡ್ತೀರಿ?’

‘ಗೃಹಿಣಿ. ಫಾರಂನಲ್ಲೇ ಬರೆದಿದ್ದೇನೆ.’

‘ಅಂದ್ರೆ ನಿರುದ್ಯೋಗಿ.’

‘ಗೃಹಿಣಿ’ ಅಂತ ಮತ್ತೆ ಹೇಳಿದೆ. ನಮ್ಮಲ್ಲಿ ಆ ಆಯ್ಕೆ ಇಲ್ಲ ಅಂದರು. ಕೀಲಿಮಣೆ ಟಕಟಕ ಅಂದದ್ದು ಕೇಳಿಸಿತು.

‘ಹಾಗಾದ್ರೆ ಈ 94,000 ಯಾರದ್ದು?’

ಗಂಡನ ಸಂಬಳ, ಜಂಟಿ ಖಾತೆಗೆ ಬರುತ್ತದೆ, ಖಾತೆ ನಿಮ್ಮ ಬ್ಯಾಂಕಿನದ್ದೇ ಅಂದೆ. ‘ಅದು ನಿಮ್ಮ ಆದಾಯ ಅಲ್ಲ ಮೇಡಂ, ಮನೆಯ ಆದಾಯ. ನಿಮ್ಮ ಆದಾಯ ಸೊನ್ನೆ.’ ಫಾರಂನ ಸಣ್ಣ ಅಕ್ಷರ ಓದಿ ಹೇಳಲಾ ಅಂತ ಕೇಳಿದೆ. ‘ಅರ್ಜಿಯಲ್ಲಿ ಸುಳ್ಳು ಆದಾಯ ಬರೆಯುವುದು ಫೆಡರಲ್ ಅಪರಾಧ, ಗೊತ್ತಲ್ವಾ?’ ಅಂದರು. ಮಗಳ ಪೆನ್ಸಿಲ್ ನಿಂತಿತು. ಅದಾದ ಮೇಲೆ ‘ನಿಮ್ಮ ಗಂಡನಿಗೆ ಫೋನ್ ಕೊಡಿ, ಅವರ ಹತ್ರ ಮಾತಾಡಿದ್ರೆ ಬೇಗ ಮುಗಿಯುತ್ತೆ.’ ಅರ್ಜಿ ನನ್ನದು, ನನ್ನ ಹತ್ತಿರವೇ ಮಾತಾಡಿ ಅಂದೆ. ‘ಸರಿ, ಆದಾಯ ಸೊನ್ನೆ ಅಂತ ತಿದ್ದುತ್ತಿದ್ದೇನೆ’ ಅಂದರು. ಬೇಡ ಅಂತ ಹೇಳುತ್ತಿರುವಾಗಲೇ ಕರೆ ಕಟ್ ಆಯಿತು. ನಿಮ್ಮ ಕರೆಗಳೆಲ್ಲ ರೆಕಾರ್ಡ್ ಆಗುತ್ತವೆ ಅಂತ ಮೊದಲೇ ಹೇಳುತ್ತೀರಲ್ಲ. ದಯವಿಟ್ಟು ಅದನ್ನು ಕೂತು ಕೇಳಿ.

ಆಮೇಲೆ ಮಗಳು ಕೇಳಿದಳು: ‘ಅಮ್ಮ, ನೀನು ಸುಳ್ಳು ಬರೆದೆಯಾ?’ ನಿಮ್ಮ ಪತ್ರಕ್ಕಿಂತ ಜಾಸ್ತಿ ನೋವಾದದ್ದು ಅದಕ್ಕೆ.

ನಿಯಮ ನಿಮಗೆ ಗೊತ್ತೇ ಇರುತ್ತದೆ. ತೀರಿಸುವ ಶಕ್ತಿ ನೋಡಿಯೇ ಕಾರ್ಡ್ ಕೊಡಬೇಕು ಅಂತ ಅಮೆರಿಕದ 2009ರ ಕ್ರೆಡಿಟ್ ಕಾರ್ಡ್ ಕಾಯ್ದೆ ಹೇಳಿತು. 2011ರ ಅಕ್ಟೋಬರ್‌ನಿಂದ ಅರ್ಜಿದಾರರ ಸ್ವಂತ ಆದಾಯವನ್ನಷ್ಟೇ ನೋಡಬೇಕು ಅಂತ ಇಲ್ಲಿನ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ ಬಿಗಿ ಮಾಡಿತು. ಮನೆಯಲ್ಲಿರುವ ಹೆಂಗಸರಿಗೆ ಅದರಿಂದ ಅನ್ಯಾಯ ಆಗುತ್ತಿದೆ ಅಂತ ಗಲಾಟೆ ಆದದ್ದಕ್ಕೇ ಗ್ರಾಹಕ ಹಣಕಾಸು ರಕ್ಷಣಾ ಬ್ಯೂರೋ 2013ರಲ್ಲಿ ಅದನ್ನು ತಿದ್ದಿತು. ಆ ವರ್ಷದ ನವೆಂಬರ್ 4ರ ಒಳಗೆ ಎಲ್ಲ ಬ್ಯಾಂಕುಗಳೂ ಹೊಸ ನಿಯಮಕ್ಕೆ ಬರಬೇಕಿತ್ತು. ನಿಮ್ಮ ಸಿಬ್ಬಂದಿ ನನಗೆ ಹೇಳಿದ್ದು ಅವತ್ತೇ ಬಿದ್ದುಹೋದ ನಿಯಮ. ಸ್ವಂತ ಆದಾಯವೇ ಬೇಕು ಅನ್ನುವುದು ಈಗ 21 ತುಂಬದವರಿಗೆ ಮಾತ್ರ.

ಗಂಡನ ಸಂಬಳ ಜಂಟಿ ಖಾತೆಗೆ ಬೀಳುತ್ತಿದ್ದರೆ ಅದು ಹೆಂಡತಿಯ ಕೈಗೆ ಸಿಗುವ ಹಣ ಅಂತ ಬ್ಯೂರೋದ ವಿವರಣೆಯಲ್ಲೇ ಉದಾಹರಣೆ ಕೊಟ್ಟಿದ್ದಾರೆ. ನಮ್ಮ ಖಾತೆಗೆ ಒಂಬತ್ತು ವರ್ಷದಿಂದ ತಿಂಗಳಿಗೆ ಎರಡು ಸಲ ಆ ಸಂಬಳ ಬೀಳುತ್ತಿದೆ. ಅದರಿಂದ ಬಾಡಿಗೆ, ಕರೆಂಟ್ ಬಿಲ್, ಮಗಳ ಹಲ್ಲಿನ ಡಾಕ್ಟರ ಫೀಸು ಎಲ್ಲ ಕಟ್ಟುವವಳು ನಾನು. ಚೆಕ್ಕಿನ ಮೇಲೆ ಇರುವುದು ನನ್ನ ಸಹಿ. ಆ ಚೆಕ್ಕುಗಳನ್ನು ಒಂಬತ್ತು ವರ್ಷ ಪಾಸು ಮಾಡಿದವರು ನೀವೇ. ಮೇಲಾಗಿ ನಾವಿರುವುದು ಟೆಕ್ಸಸ್‌ನಲ್ಲಿ. ಮದುವೆಯಾದ ಮೇಲೆ ಗಂಡ ದುಡಿದದ್ದರಲ್ಲಿ ಹೆಂಡತಿಗೂ ಪಾಲಿದೆ ಅಂತ ಇಲ್ಲಿನ ಕಾನೂನೇ ಹೇಳುತ್ತದೆ.

ಬೇರೆಯವರ ಆದಾಯ ‘ಪರಿಗಣಿಸಬಹುದು’ ಅಂತಷ್ಟೇ ನಿಯಮದಲ್ಲಿದೆ, ‘ಪರಿಗಣಿಸಲೇಬೇಕು’ ಅಂತಿಲ್ಲ ಅಂತ ನೀವು ಹೇಳಬಹುದು. ಹೌದು. ಆದರೆ ಸೇರಿಸಿ ಅಂತ ಫಾರಂನಲ್ಲಿ ಹೇಳಿದವರು ನೀವು. ಸೇರಿಸಿದ್ದಕ್ಕೆ ಸುಳ್ಳಿ ಅಂದವರೂ ನೀವು.

ಗಂಡನ ಕಾರ್ಡಿನಲ್ಲೇ ನಿಮ್ಮ ಹೆಸರು ಸೇರಿಸಿಕೊಳ್ಳಿ ಅಂತ ಎರಡನೇ ಕರೆಯಲ್ಲಿ ಒಬ್ಬರು ಸಲಹೆ ಕೊಟ್ಟರು. ಆ ಖಾತೆ ಅವರದ್ದು. ಅದು ಮುಚ್ಚಿದ ದಿನ ನನ್ನ ಕಾರ್ಡೂ ಸತ್ತಂತೆ. ಅವರಿಗೇನಾದರೂ ಆದರೆ ನನ್ನ ಹೆಸರಲ್ಲಿ ಒಂದು ಖಾತೆ ಇರಬೇಕು ಅಂತಲೇ ಅಲ್ವಾ ನಾನು ಅರ್ಜಿ ಹಾಕಿದ್ದು? ಹೆಂಗಸು ಸಾಲ ಕೇಳಿದರೆ ಗಂಡನ ಸಹಿ ತನ್ನಿ ಅನ್ನುವ ಕಾಲ ಈ ದೇಶದಲ್ಲಿತ್ತು. ಅದನ್ನು ನಿಲ್ಲಿಸಲು 1974ರಲ್ಲೇ ಸಮಾನ ಸಾಲಾವಕಾಶ ಕಾಯ್ದೆ ಬಂತು. ಅಷ್ಟು ವರ್ಷದ ಮೇಲೆ ನನಗೆ ‘ಗಂಡನಿಗೆ ಫೋನ್ ಕೊಡಿ’ ಅಂದಿದ್ದೀರಿ.

ನಾನು ಬರೆದ ಅಂಕಿಯನ್ನು ವಾಪಸ್ ಹಾಕಿ ಅರ್ಜಿಯನ್ನು ಮತ್ತೆ ನೋಡಿ. ಸೊನ್ನೆ ಹಾಕಿದ್ದು ಯಾರು, ಯಾವ ನಿಯಮದ ಮೇಲೆ ಅಂತ ಲಿಖಿತವಾಗಿ ತಿಳಿಸಿ. ಕ್ಷಮೆ ಕೇಳುವುದಾದರೆ ಅವತ್ತಿನಂತೆ ಸಂಜೆ ಆರಕ್ಕೆ ಫೋನ್ ಮಾಡಿ. ಸ್ಪೀಕರ್‌ಗೆ ಹಾಕುತ್ತೇನೆ, ಮಗಳು ಕೇಳಿಸಿಕೊಳ್ಳಲಿ.

ಹದಿನೈದು ದಿನ ಕಾಯುತ್ತೇನೆ. ಹದಿನಾರನೇ ದಿನ ಬ್ಯೂರೋಗೂ ಟೆಕ್ಸಸ್‌ನ ಅಟಾರ್ನಿ ಜನರಲ್ ಕಚೇರಿಗೂ ದೂರು ಹೋಗುತ್ತದೆ. ಫಾರಂನ ಫೋಟೋ, ನಿಮ್ಮ ಪತ್ರ, ಕರೆ ಬಂದ ದಿನಾಂಕ, ಸಮಯ ಎಲ್ಲ ಜೋಡಿಸಿಟ್ಟಿದ್ದೇನೆ. ಅದೇ ದಿನ ನಮ್ಮ ಜಂಟಿ ಖಾತೆಯ ಅಷ್ಟೂ ಹಣವನ್ನು ಬೇರೆ ಬ್ಯಾಂಕಿಗೆ ಸಾಗಿಸುತ್ತೇನೆ. ಅದಕ್ಕೆ ನನ್ನ ಒಬ್ಬಳ ಸಹಿ ಸಾಕು ಅಂತ ನಿಮ್ಮ ಖಾತೆಯ ಕಾಗದಪತ್ರದಲ್ಲೇ ಇದೆ.

ಇಂತಿ,
ನಿಮ್ಮ ಬ್ಯಾಂಕಿನ ಒಂಬತ್ತು ವರ್ಷದ ಜಂಟಿ ಖಾತೆದಾರಳು