ಪ್ರತಿ ತಾಲ್ಲೂಕಿಗೂ ಕಣ್ಣಿನ ಫೋಟೋ ತೆಗೆಯುವ ಒಂದು ಕ್ಯಾಮೆರಾ ಕೊಡಿ: ಉಸ್ತುವಾರಿ ಸಚಿವರಿಗೆ ಮೊಳಕಾಲ್ಮೂರಿನ ನೇಕಾರನ ಮಗಳ ಬಹಿರಂಗ ಪತ್ರ

ಮಾನ್ಯ ಚಿತ್ರದುರ್ಗ ಜಿಲ್ಲಾ ಉಸ್ತುವಾರಿ ಸಚಿವರಿಗೆ,

ನಮಸ್ಕಾರಗಳು.

ನಾನು ಮೊಳಕಾಲ್ಮೂರಿನವಳು. ನಮ್ಮಪ್ಪ ರೇಷ್ಮೆ ಸೀರೆ ನೇಯುವವರು. ನೇಯುತ್ತಿದ್ದವರು ಅಂತ ಬರೆಯಬೇಕು, ಹಾಗೆ ಬರೆಯೋಕೆ ಇನ್ನೂ ಕೈ ಬರುತ್ತಿಲ್ಲ.

ಹದಿನಾಲ್ಕು ತಿಂಗಳಿಂದ ಈ ಪತ್ರ ಬರೆಯಬೇಕು ಅಂದುಕೊಂಡು ಸುಮ್ಮನಿದ್ದೆ. ಹೋದ ವಾರ ಪಕ್ಕದ ಬೀದಿಯ ನೇಕಾರರೊಬ್ಬರು ಮನೆಗೆ ಬಂದಿದ್ದರು. ವಯಸ್ಸು 46, ಎಂಟು ವರ್ಷದಿಂದ ಶುಗರ್. 'ಒಂದು ಕಣ್ಣಲ್ಲಿ ಜೇಡರ ಬಲೆ ಕಟ್ಟಿದ ಹಾಗೆ ಕಾಣುತ್ತೆ ಕಣಮ್ಮ, ಕನ್ನಡಕ ಬದಲಾಯಿಸಲಾ?' ಅಂತ ಕೇಳಿದರು. ನಮ್ಮಪ್ಪ ಕೇಳಿದ್ದೂ ಇದನ್ನೇ. ಆವತ್ತು ನಾನು 'ಬದಲಾಯಿಸಿ' ಅಂದಿದ್ದೆ. ಅದಕ್ಕೇ ಇವತ್ತು ಬರೆಯುತ್ತಿದ್ದೇನೆ.

ನನ್ನ ಬೇಡಿಕೆ ಒಂದೇ. ಜಿಲ್ಲೆಯ ಆರೂ ತಾಲ್ಲೂಕಿನ ಆಸ್ಪತ್ರೆಗಳಲ್ಲಿ ಕಣ್ಣಿನ ಹಿಂಭಾಗದ ಪರದೆಯ, ಅಂದರೆ ರೆಟಿನಾದ, ಫೋಟೋ ತೆಗೆಯುವ ಒಂದೊಂದು ಕ್ಯಾಮೆರಾ ಇರಬೇಕು. ಅದನ್ನು ನಡೆಸಲು ಕಲಿತವರು ಇರಬೇಕು. ಶುಗರ್ ಇರುವ ಪ್ರತಿಯೊಬ್ಬರಿಗೂ ವರ್ಷಕ್ಕೊಂದು ಸಲ ಆ ಫೋಟೋ ಆಗಬೇಕು.

ಅಪ್ಪನಿಗೆ ಶುಗರ್ ಬಂದು 11 ವರ್ಷ. ತಿಂಗಳು ತಿಂಗಳು ತಪ್ಪದೆ ಹೋಗಿ ಸರ್ಕಾರಿ ಮಾತ್ರೆ ತಂದಿದ್ದಾರೆ. ಅವರ ಪುಸ್ತಕ ಈಗ ನನ್ನ ಮುಂದೆ ಇದೆ. ಮೂಲೆಗಳು ಎಣ್ಣೆ ಹಿಡಿದು ಕಪ್ಪಾಗಿವೆ. ಒಳಗೆ ಸಾಲು ಸಾಲಾಗಿ ಖಾಲಿ ಹೊಟ್ಟೆಯ ಶುಗರ್, ಬಿ.ಪಿ., ಮಾತ್ರೆ ಎಷ್ಟು ಅಂತ ಬರೆದಿದೆ. 11 ವರ್ಷದ ಪುಸ್ತಕದಲ್ಲಿ 'ಕಣ್ಣು' ಅನ್ನುವ ಪದ ಒಂದೇ ಒಂದು ಕಡೆಯೂ ಇಲ್ಲ. ಎರಡು ಸಲ ಹುಡುಕಿದೆ.

ಖಾಲಿ ಹೊಟ್ಟೆಯ ಶುಗರ್ ಬಗ್ಗೆಯೂ ಒಂದು ಮಾತು. ಟೆಸ್ಟ್ ಅಂದರೆ ಅಪ್ಪ ಹಿಂದಿನ ದಿನ ಅನ್ನ ಮುಟ್ಟುತ್ತಿರಲಿಲ್ಲ. ಮಾರನೇ ದಿನ ಶುಗರ್ ಹತೋಟಿಯಲ್ಲಿರುವ ಹಾಗೆಯೇ ಬರುತ್ತಿತ್ತು. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯನ್ನು ಮೊದಲ ಬಾರಿ ಮಾಡಿದ್ದು ಬೆಂಗಳೂರಿನಲ್ಲಿ, ಕಣ್ಣು ಹೋದ ಮೇಲೆ. ಸಾಮಾನ್ಯವಾಗಿ 7ರ ಒಳಗೆ ಇರಬೇಕು ಅನ್ನುತ್ತಾರೆ. ಅಪ್ಪನದು 10.2 ಇತ್ತು. ಈಗ ತೋಳಿಗೆ ಅಂಟಿಸಿಕೊಂಡರೆ ಎರಡು ವಾರ ಹಗಲೂ ರಾತ್ರಿ ಶುಗರ್ ಏರಿಳಿತ ತೋರಿಸುವ ಸೆನ್ಸಾರ್ ಬಂದಿದೆಯಂತೆ. ನಾನು ಅದನ್ನು ಕೇಳುತ್ತಿಲ್ಲ. ಒಂದು ಫೋಟೋ ಕೇಳುತ್ತಿದ್ದೇನೆ.

ಮೊದಲು ತೊಂದರೆ ಗೊತ್ತಾಗಿದ್ದು ಮಗ್ಗದಲ್ಲಿ. ಹಾಸಿನ ಎಳೆ ಹರಿದರೆ ಅಪ್ಪ ಮಾತಾಡುತ್ತಲೇ ಹಿಡಿದು ಗಂಟು ಹಾಕುತ್ತಿದ್ದರು. ಆವತ್ತು ಕಡುನೀಲಿ ಹಾಸಿನಲ್ಲಿ ಹರಿದ ಎಳೆ ಹುಡುಕುತ್ತಾ ಬಹಳ ಹೊತ್ತು ಕೂತರು. ಮುಖವನ್ನು ನೂಲಿಗೆ ತಾಗುವಷ್ಟು ಹತ್ತಿರ ತಂದು, ಬೆರಳ ತುದಿಯಿಂದ ಒಂದೊಂದೇ ಎಳೆ ಸವರುತ್ತಿದ್ದರು. ಕಂಡಿಕೆ ಸುತ್ತುತ್ತಿದ್ದ ಅಮ್ಮ ರಾಟೆ ನಿಲ್ಲಿಸಿ ನೋಡುತ್ತಾ ನಿಂತರು. ಆ ಸೀರೆಯ ಅಂಚಿನಲ್ಲಿ ಒಂದು ಗೇಣು ಉದ್ದ ಎಳೆ ತಪ್ಪಿತ್ತು. ಸಾಹುಕಾರರು ಕೂಲಿಯಲ್ಲಿ ಹಿಡಿದುಕೊಂಡರು.

ಕನ್ನಡಕ ಬದಲಾಯಿಸಿದೆವು. ಆರು ತಿಂಗಳಿಗೆ ಇನ್ನೊಂದು. ಉಚಿತ ಕಣ್ಣಿನ ಶಿಬಿರಕ್ಕೂ ಕರೆದುಕೊಂಡು ಹೋದೆ. ಟಾರ್ಚ್ ಬಿಟ್ಟು ನೋಡಿ 'ಪೊರೆ ಬಂದಿಲ್ಲ, ಏನೂ ತೊಂದರೆ ಇಲ್ಲ' ಅಂದರು. ನಾವು ಖುಷಿಯಿಂದ ಮನೆಗೆ ಬಂದೆವು. ಶುಗರ್ ಇದೆಯಾ ಅಂತ ಅಲ್ಲಿ ಯಾರೂ ಕೇಳಲಿಲ್ಲ. ನಾವೂ ಹೇಳಲಿಲ್ಲ, ಹೇಳಬೇಕು ಅಂತ ನಮಗೆ ಗೊತ್ತಿರಲಿಲ್ಲ. ನಮ್ಮ ಶಿಬಿರಗಳಲ್ಲಿ ಕಣ್ಣು ಅಂದರೆ ಪೊರೆ, ಅಷ್ಟೇ. ಪೊರೆಯಿಂದ ಹೋದ ದೃಷ್ಟಿ ಆಪರೇಷನ್ ಮಾಡಿದರೆ ವಾಪಸ್ ಬರುತ್ತದೆ. ಶುಗರ್‌ನಿಂದ ರೆಟಿನಾ ಹಾಳಾದರೆ ಹಾಗಲ್ಲ. ಕಣ್ಣಿನ ಹಿಂಭಾಗದ ಸಣ್ಣ ಸಣ್ಣ ರಕ್ತನಾಳಗಳು ಸೋರಲು ಶುರುವಾಗುತ್ತವೆ. ನೋವಿಲ್ಲ, ಕೆಂಪಾಗುವುದಿಲ್ಲ, ಶುರುವಿನಲ್ಲಿ ದೃಷ್ಟಿಯೂ ಸರಿಯಾಗಿಯೇ ಇರುತ್ತದೆ. ಆ ಹೊತ್ತಿನಲ್ಲಿ ಅದು ಕಾಣುವುದು ಒಳಗಿನ ರೆಟಿನಾ ನೋಡಿದರೆ ಮಾತ್ರ.

ಕೊನೆಗೆ ಒಬ್ಬ ಡಾಕ್ಟರ್ ರೆಟಿನಾ ಫೋಟೋ ತೆಗೆಸಿ ಅಂತ ಚೀಟಿ ಬರೆದುಕೊಟ್ಟರು. ಎರಡು ಬಸ್ ಹಿಡಿದು ಒಂದು ದೊಡ್ಡ ಸರ್ಕಾರಿ ಆಸ್ಪತ್ರೆಗೆ ಹೋದೆವು. ಹೆಸರು ಬರೆಯುವುದಿಲ್ಲ. ಅಲ್ಲಿನ ನರ್ಸ್ ಒಬ್ಬರು ನಮ್ಮ ಜೊತೆ ಓಡಾಡಿದ್ದಾರೆ, ಅವರಿಗೆ ತೊಂದರೆ ಆಗಬಾರದು. ಮೊದಲ ಸಲ ಹೋದಾಗ 'ಗುರುವಾರ ಬನ್ನಿ' ಅಂದರು. ಗುರುವಾರ ಹೋದರೆ ಕ್ಯಾಮೆರಾ ನಡೆಸುವವರನ್ನು ಬೇರೆ ಕಡೆ ಹಾಕಿದ್ದಾರೆ ಅಂದರು. ಮೂರನೇ ಸಲ ನಾನು ಕಾರಿಡಾರಿನಲ್ಲೇ ಅತ್ತುಬಿಟ್ಟೆ. ಆಗ ಆ ನರ್ಸ್ ಬೀಗ ತೆಗೆಸಿ ಕೋಣೆ ತೋರಿಸಿದರು.

ಕ್ಯಾಮೆರಾ ಇತ್ತು ಸ್ವಾಮಿ. ಮೇಜಿನ ಮೇಲೆ, ಪ್ಲಾಸ್ಟಿಕ್ ಕವರ್ ಹೊದ್ದು ಕೂತಿತ್ತು. ಕವರ್ ಮೇಲೆ ದಪ್ಪಗೆ ಧೂಳು, ಆ ಧೂಳಿನಲ್ಲಿ ಯಾರೋ ಬೆರಳಿನಿಂದ ಹೂವು ಬಿಡಿಸಿದ್ದರು. ಪಕ್ಕದಲ್ಲಿ ಹಳೆ ರಿಜಿಸ್ಟರ್‌ಗಳ ಗಂಟು. 'ಇದೇನಾ?' ಅಂದೆ. 'ಇದೇ. ನಮಗೆ ಯಾರಿಗೂ ಕಲಿಸಿಲ್ಲ' ಅಂದರು. ಅಪ್ಪ ನನ್ನ ಪಕ್ಕದಲ್ಲೇ ನಿಂತಿದ್ದರು. ಎಡಗಣ್ಣು ಆಗಲೇ ಮಂಜಾಗಿತ್ತು. 'ಇದೆಯಲ್ಲ, ತೆಗೀತಾರೇನಮ್ಮ?' ಅಂತ ಕೇಳಿದರು.

ಒಂಬತ್ತು ದಿನ ಕಳೆದಿತ್ತು. ಬೆಳಿಗ್ಗೆ ಎದ್ದವರು ಕಣ್ಣೊಳಗೆ ಮಸಿ ಚೆಲ್ಲಿದ ಹಾಗಿದೆ ಅಂದರು. ಒಳಗೆ ರಕ್ತ ಸೋರಿತ್ತು. ಬೆಂಗಳೂರಿಗೆ ಓಡಿದೆವು. ಎಡಗಣ್ಣಿನ ರೆಟಿನಾ ಎಳೆತಕ್ಕೆ ಕಿತ್ತು ಬಂದಿತ್ತು. ಆಪರೇಷನ್ ಮಾಡಿದರು, ದೃಷ್ಟಿ ಬರಲಿಲ್ಲ. ಬಲಗಣ್ಣಿಗೆ ಲೇಸರ್ ಮತ್ತು ಐದು ಇಂಜೆಕ್ಷನ್ ಆಗಿದೆ. ಮಗ್ಗ ಒಂದನ್ನು ಮಾರಿದೆವು. 'ಎರಡು ವರ್ಷ ಮುಂಚೆ ಒಂದು ಫೋಟೋ ತೆಗೆಸಿದ್ದರೆ ಲೇಸರ್‌ನಲ್ಲೇ ತಡೆಯಬಹುದಿತ್ತೇನೋ' ಅಂದರು ಅಲ್ಲಿನ ಡಾಕ್ಟರ್. ಲೇಸರ್ ಇದ್ದ ದೃಷ್ಟಿಯನ್ನು ಕಾಯುತ್ತದೆ, ಹೋದದ್ದನ್ನು ತಂದುಕೊಡುವುದಿಲ್ಲ. ಅದನ್ನು ಅಪ್ಪನಿಗೆ ಬಿಡಿಸಿ ಹೇಳಿದ್ದು ನಾನು.

ಯಾರ ಮೇಲೆ ಸಿಟ್ಟು ಮಾಡಿಕೊಳ್ಳಲಿ ಹೇಳಿ? ಕ್ಯಾಮೆರಾ ಕೊಂಡವರ ಮೇಲಾ, ನಡೆಸುವವರನ್ನು ಎತ್ತಂಗಡಿ ಮಾಡಿದವರ ಮೇಲಾ, ಪುಸ್ತಕದಲ್ಲಿ 'ಕಣ್ಣು' ಅಂತ ಒಂದು ಕಾಲಂ ಹಾಕದವರ ಮೇಲಾ?

ನಿಯಮ ನಿಮಗೆ ಗೊತ್ತೇ ಇದೆ. ನಮಗೆ ಬರುವಂಥ, ದೊಡ್ಡವರಾದ ಮೇಲೆ ಬರುವ (ಟೈಪ್ 2) ಶುಗರ್ ಆದರೆ ಗೊತ್ತಾದ ದಿನವೇ ಕಣ್ಣಿನ ಒಳಗೆ ನೋಡಬೇಕು, ಆಮೇಲೆ ವರ್ಷ ವರ್ಷ ನೋಡಬೇಕು. 2024ರ ಅಕ್ಟೋಬರಿನಲ್ಲಿ ಕೋಲಾರದಲ್ಲಿ ಶುರುವಾದ, ಮನೆಮನೆಗೆ ಬಂದು ಪರೀಕ್ಷಿಸುವ ಗೃಹ ಆರೋಗ್ಯ ಯೋಜನೆಯ ತಪಾಸಣೆ ಪಟ್ಟಿಯಲ್ಲೂ ಶುಗರ್‌ನಿಂದ ಕಣ್ಣಿಗಾಗುವ ತೊಂದರೆ ಇದೆ. ಮನೆ ಬಾಗಿಲಿಗೆ ಬಂದು ಬೆರಳು ಚುಚ್ಚಿ ಶುಗರ್ ನೋಡುವುದು ಒಳ್ಳೆಯದೇ. ಆದರೆ ಶುಗರ್ ಇದೆ ಅಂತ ಹೇಳಿ ಹೋದ ಮೇಲೆ ಆ ಮನುಷ್ಯ ಕಣ್ಣು ತೋರಿಸೋಕೆ ಎಲ್ಲಿಗೆ ಹೋಗಬೇಕು? ದೇಶದಲ್ಲಿ 10.1 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ ಇದೆ ಅಂತ 2023ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನವೇ ಹೇಳಿದೆ. ಅವರಲ್ಲಿ ನಮ್ಮ ಮೊಳಕಾಲ್ಮೂರು, ಚಳ್ಳಕೆರೆ, ಹೊಸದುರ್ಗದವರೂ ಇದ್ದಾರಲ್ವಾ?

ಇದು ಆಗದ ಕೆಲಸವೇನೂ ಅಲ್ಲ. ಕೈಯಲ್ಲಿ ಹಿಡಿಯುವ, ಮೊಬೈಲ್ ಜೋಡಿಸುವ ರೆಟಿನಾ ಕ್ಯಾಮೆರಾಗಳು ಬಂದಿವೆ. ಬಹಳ ಜನರಿಗೆ ಕಣ್ಣಿಗೆ ಹನಿ ಹಾಕದೆಯೂ ಫೋಟೋ ಆಗುತ್ತದೆ, ಕೆಲವೇ ನಿಮಿಷ ಸಾಕು. ಅಂಥ ಕ್ಯಾಮೆರಾ ತಯಾರಿಸುವ ಫೋರಸ್, ರೆಮಿಡಿಯೋ ಎರಡೂ ಬೆಂಗಳೂರಿನ ಕಂಪನಿಗಳು. ಫೋಟೋ ನೋಡಲು ಡಾಕ್ಟರ್ ನಮ್ಮೂರಿನಲ್ಲೇ ಕೂತಿರಬೇಕಾಗಿಲ್ಲ, ಕಳಿಸಿದರೆ ಎಲ್ಲಿಂದಲಾದರೂ ನೋಡುತ್ತಾರೆ. ಈಗ ಕಂಪ್ಯೂಟರೇ ಫೋಟೋ ನೋಡಿ 'ಇವರನ್ನು ದೊಡ್ಡ ಆಸ್ಪತ್ರೆಗೆ ಕಳಿಸಿ' ಅಂತ ಹೇಳುತ್ತದೆ. ಅಮೆರಿಕ ಅಂಥ ಒಂದು ವ್ಯವಸ್ಥೆಗೆ 2018ರಲ್ಲೇ ಒಪ್ಪಿಗೆ ಕೊಟ್ಟಿದೆ. ಕೇರಳದಲ್ಲಿ ನಯನಾಮೃತಂ ಅಂತ ಯೋಜನೆ ಇದೆ. ಅಲ್ಲಿ ಊರಿನ ಆರೋಗ್ಯ ಕೇಂದ್ರದ ನರ್ಸ್‌ಗಳೇ ಕಲಿತು ಫೋಟೋ ತೆಗೆಯುತ್ತಾರೆ. ಇಂಗ್ಲೆಂಡಿನಲ್ಲಿ ಶುಗರ್ ಇರುವವರನ್ನು ಕರೆಕರೆದು ಕಣ್ಣಿನ ಫೋಟೋ ತೆಗೆಯುವ ಕೆಲಸ 2003ರಲ್ಲಿ ಶುರುವಾಯಿತು. ದುಡಿಯುವ ವಯಸ್ಸಿನವರ ಕುರುಡುತನಕ್ಕೆ ಅಲ್ಲಿ ಶುಗರ್ ಈಗ ಮೊದಲ ಕಾರಣ ಅಲ್ಲ ಅಂತ 2014ರಲ್ಲಿ ವರದಿ ಬಂತು. ಐವತ್ತು ವರ್ಷದಲ್ಲಿ ಹಾಗಾದದ್ದು ಅದೇ ಮೊದಲಂತೆ.

ದುಡ್ಡಿನ ಮಾತು ಬಂದರೆ, ನಮ್ಮದು ಗಣಿ ಇರುವ ಜಿಲ್ಲೆ. ಗಣಿ ನಡೆಸುವವರು ಕಟ್ಟುವ ಹಣದ ಜಿಲ್ಲಾ ಖನಿಜ ನಿಧಿಯನ್ನು ಮೊದಲು ಯಾವುದಕ್ಕೆ ಬಳಸಬೇಕು ಅನ್ನುವ ಪಟ್ಟಿಯಲ್ಲಿ ಆರೋಗ್ಯವೂ ಇದೆ. ಚಿತ್ರದುರ್ಗಕ್ಕೆ ಈಗ ಸರ್ಕಾರಿ ಮೆಡಿಕಲ್ ಕಾಲೇಜೂ ಬಂದಿದೆ. ಫೋಟೋ ನೋಡಲು ಡಾಕ್ಟರ್‌ಗಳನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ.

ಹಾಗಾಗಿ ಮತ್ತೆ ಕೇಳುತ್ತಿದ್ದೇನೆ. ಆರು ತಾಲ್ಲೂಕಿಗೆ ಆರು ಕ್ಯಾಮೆರಾ. ಪ್ರತಿ ಕ್ಯಾಮೆರಾಕ್ಕೆ ತರಬೇತಿ ಪಡೆದ ಇಬ್ಬರು, ಒಬ್ಬರ ವರ್ಗಾವಣೆ ಆದರೆ ಇನ್ನೊಬ್ಬರು ಇರಲಿ. ಶುಗರ್ ಪುಸ್ತಕದಲ್ಲಿ 'ಕಣ್ಣಿನ ಫೋಟೋ ಆಗಿದೆಯಾ' ಅನ್ನುವ ಒಂದು ಸಾಲು. ಜಿಲ್ಲೆಯ ಕೆಲಸಗಳ ಪ್ರಗತಿ ನೋಡುವ ಮುಂದಿನ ಕೆಡಿಪಿ ಸಭೆಯಲ್ಲಿ ಆರೋಗ್ಯ ಇಲಾಖೆಯ ಸರದಿ ಬಂದಾಗ ದಯವಿಟ್ಟು ಇದೊಂದನ್ನು ಕೇಳಿ: ಜಿಲ್ಲೆಯಲ್ಲಿ ಶುಗರ್ ಮಾತ್ರೆ ಪಡೆಯುವವರು ಎಷ್ಟು ಜನ, ಅವರಲ್ಲಿ ಈ ವರ್ಷ ರೆಟಿನಾ ಫೋಟೋ ಆದವರು ಎಷ್ಟು ಜನ? ಎರಡೂ ಲೆಕ್ಕವನ್ನು ಜನರ ಮುಂದೆ ಇಡಿ.

ಪಕ್ಕದ ಬೀದಿಯವರನ್ನು ನಾಡಿದ್ದು ನಾನೇ ಬೆಂಗಳೂರಿಗೆ ಕರೆದುಕೊಂಡು ಹೋಗುತ್ತಿದ್ದೇನೆ. ಆ ಬಸ್ಸಿನ ದುಡ್ಡಿಗೆ ಅವರು ಒಂದು ವಾರದ ಕೂಲಿ ಮುಂಗಡ ತಂದಿದ್ದಾರೆ. ನಮ್ಮ ಅಮ್ಮನಿಗೂ ಎರಡು ವರ್ಷದಿಂದ ಶುಗರ್. ಅವರನ್ನೂ ಜೊತೆಗೆ ಕರೆದೊಯ್ಯುತ್ತೇನೆ. ಮನೆಯಲ್ಲಿ ಅಪ್ಪ ಒಬ್ಬರೇ ಇರುತ್ತಾರೆ.

ಆ ಕೋಣೆಯ ಬೀಗ ಯಾವತ್ತು ತೆಗೆಸುತ್ತೀರಿ, ನಮ್ಮ ತಾಲ್ಲೂಕಿಗೆ ಕ್ಯಾಮೆರಾ ಯಾವತ್ತು ಬರುತ್ತದೆ? ತಾರೀಖು ತಿಳಿಸಿ.

ಇಂತಿ,
ನೇಕಾರರೊಬ್ಬರ ಮಗಳು
ಮೊಳಕಾಲ್ಮೂರು, ಚಿತ್ರದುರ್ಗ ಜಿಲ್ಲೆ